ಬಡ ನೆಲ, ತೆರೆದ ಕಡಲು: ಗ್ರೀಕ್ ನಾಗರಿಕತೆ ಮೂಡಿದ ಬಗೆ

ದಕ್ಷಿಣ ಗ್ರೀಸಿನ ಆರ್ಗೊಲಿಡ್ ಕರಾವಳಿಯಲ್ಲಿ ಫ್ರಾಂಕ್ತಿ ಎಂಬ ಗುಹೆಯಿದೆ. ಬೇಟೆಯಾಡಿ, ಕಾಡಿನಲ್ಲಿ ಸಿಕ್ಕಿದ್ದನ್ನು ಆಯ್ದು ತಿಂದು ಬದುಕುತ್ತಿದ್ದ ಶಿಲಾಯುಗದ ಜನ ಅಲ್ಲಿ ಇದ್ದು ಹೋಗಿದ್ದಾರೆ. ಅವರ ಕಾಲದ ಮಣ್ಣಿನ ಪದರಗಳನ್ನು ಅಗೆದಾಗ ಪುರಾತತ್ವಜ್ಞರಿಗೆ ಕಪ್ಪಗೆ ಹೊಳೆಯುವ ಕಲ್ಲಿನ ಚೂರುಗಳು ಸಿಕ್ಕವು. ಅದು ಒಬ್ಸಿಡಿಯನ್, ಜ್ವಾಲಾಮುಖಿಯ ಲಾವಾ ಬೇಗನೆ ತಣಿದಾಗ ಉಂಟಾಗುವ ಗಾಜಿನಂಥ ಕಲ್ಲು. ಸೀಳಿದರೆ ಅದರ ಅಂಚು ಬಲು ಹರಿತ. ಗುಹೆಯ ಆಸುಪಾಸಿನಲ್ಲಿ ಎಲ್ಲೂ ಈ ಕಲ್ಲು ಸಿಗುವುದಿಲ್ಲ. ರಾಸಾಯನಿಕ ಪರೀಕ್ಷೆಯಿಂದ ಅದರ ಮೂಲ ಗೊತ್ತಾಯಿತು: ಏಜಿಯನ್ ಸಮುದ್ರದ ಮೆಲೊಸ್ ದ್ವೀಪ, ಅಲ್ಲಿಂದ 100 ಕಿಲೋಮೀಟರಿಗೂ ಹೆಚ್ಚು ದೂರ. ಈ ಚೂರುಗಳಲ್ಲಿ ಅತ್ಯಂತ ಹಳೆಯವು 12,000 ವರ್ಷಗಳಿಗೂ ಹಿಂದಿನವು. ಗ್ರೀಸಿನಲ್ಲಿ ಬೇಸಾಯ ಶುರುವಾದದ್ದಾದರೋ ಕ್ರಿ.ಪೂ. 7000ದ ಸುಮಾರಿಗೆ. ಆ ನೆಲದ ಜನ ಬಿತ್ತಿ ಬೆಳೆಯುವುದನ್ನು ಕಲಿಯುವ ಎಷ್ಟೋ ಕಾಲ ಮೊದಲೇ ಕಡಲು ದಾಟುವುದನ್ನು ಕಲಿತಿದ್ದರು.

ಪ್ರಾಚೀನ ಗ್ರೀಸಿನ ಬಗ್ಗೆ ಶಾಲೆಯಲ್ಲಿ ನಾವೆಲ್ಲ ಒಂದು ಮಾತು ಓದಿದ್ದೇವೆ: ಬೆಟ್ಟಗಳು ಜನರನ್ನು ಬೇರ್ಪಡಿಸಿದ್ದರಿಂದ ಸಣ್ಣ ಸಣ್ಣ ನಗರರಾಜ್ಯಗಳು ಹುಟ್ಟಿದವು, ಸಮುದ್ರ ಹತ್ತಿರವಿದ್ದುದರಿಂದ ಅವರು ನಾವಿಕರಾದರು. ಈ ಮಾತಿನಲ್ಲಿ ತಪ್ಪಿಲ್ಲ, ಆದರೆ ಇಷ್ಟೇ ಹೇಳಿ ನಿಲ್ಲಿಸಿದರೆ ಮುಖ್ಯವಾದ ಪ್ರಶ್ನೆಯೊಂದು ಹಾಗೆಯೇ ಉಳಿಯುತ್ತದೆ. ಅದೇ ಬೆಟ್ಟಗಳ ನಡುವೆ ಒಂದು ಕಾಲದಲ್ಲಿ ಅರಮನೆಗಳಿದ್ದವು, ಲೆಕ್ಕ ಬರೆಯುವ ಕರಣಿಕರಿದ್ದರು. ಆಮೇಲೆ ಅಲ್ಲಿ ಓದುಬರಹವೇ ಅಳಿದುಹೋಯಿತು. ಮತ್ತೆ ಕೆಲವು ಶತಮಾನ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ತತ್ವಶಾಸ್ತ್ರ, ನಾಟಕ, ಪ್ರಜಾಪ್ರಭುತ್ವ ಹುಟ್ಟಿದವು. ಬೆಟ್ಟಗಳು ಜರುಗಲಿಲ್ಲ, ಮಣ್ಣು ಬದಲಾಗಲಿಲ್ಲ. ಹಾಗಾದರೆ ಬದಲಾದದ್ದು ಏನು? ಕಡಲಿನ ಮೇಲಿನ ಓಡಾಟ ಎಂಬುದು ನನ್ನ ಉತ್ತರ. ಗ್ರೀಕರ ಚರಿತ್ರೆಯ ಏರಿಳಿತಗಳನ್ನು ಹಡಗುಗಳ ಹೋಗುಬರುವಿಕೆಯ ಜೊತೆ ಇಟ್ಟು ನೋಡಿದರೆ ಎಷ್ಟೋ ಸಂಗತಿಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಏನಿತ್ತು, ಏನಿರಲಿಲ್ಲ

ಗ್ರೀಸಿನ ನೆಲದಲ್ಲಿ ಐದರಲ್ಲಿ ನಾಲ್ಕು ಪಾಲು ಬೆಟ್ಟಗುಡ್ಡ. ಉತ್ತರದಿಂದ ಪಿಂಡಸ್ ಪರ್ವತಸಾಲು ಬೆನ್ನೆಲುಬಿನಂತೆ ಇಳಿದು ಬರುತ್ತದೆ. ಒಲಿಂಪಸ್ ಶಿಖರ 2,917 ಮೀಟರ್ ಎತ್ತರಕ್ಕೆ ನಿಂತಿದೆ. ಉಳುವ ನೆಲವೆಂದರೆ ಈ ಬೆಟ್ಟಗಳ ನಡುವೆ, ಹೆಚ್ಚಾಗಿ ಕಡಲಿಗೆ ಮುಖಮಾಡಿಕೊಂಡಿರುವ ಪುಟ್ಟ ಪುಟ್ಟ ಬಯಲುಗಳು. ನೈಲ್ ನದಿಯಂತೆ ವರ್ಷವರ್ಷವೂ ಹೊಸ ಮಣ್ಣು ತಂದು ಹಾಸುವ ಹೊಳೆ ಅಲ್ಲಿಲ್ಲ; ಇರುವ ಹೊಳೆಗಳಲ್ಲಿ ಅನೇಕವು ಬೇಸಿಗೆಯಲ್ಲಿ ಬತ್ತಿ ಬರೀ ಕಲ್ಲಿನ ಹಾಸಾಗುತ್ತವೆ. ಮಳೆ ಬರುವುದು ಚಳಿಗಾಲದಲ್ಲಿ. ಅಥೆನ್ಸ್ ಸುತ್ತಮುತ್ತ ವರ್ಷಕ್ಕೆ ಸುಮಾರು 400 ಮಿಲಿಮೀಟರ್ ಮಾತ್ರ, ಅದೂ ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ಹಾಗಾಗಿ ಗೋಧಿ ಕೈಕೊಡುವುದು ಸಾಮಾನ್ಯವಾಗಿತ್ತು. ಕಡಿಮೆ ನೀರಿಗೂ ಬರುವ ಬಾರ್ಲಿಯನ್ನೇ ರೈತ ಹೆಚ್ಚು ನೆಚ್ಚಿಕೊಂಡಿದ್ದ.

ಅದೇ ಇಳಿಜಾರಿನ ಕಲ್ಲುನೆಲದಲ್ಲಿ ಎರಡು ಬೆಳೆಗಳು ಮಾತ್ರ ಸೊಗಸಾಗಿ ಬರುತ್ತವೆ: ಆಲಿವ್ ಮತ್ತು ದ್ರಾಕ್ಷಿ. ಆಲಿವ್ ಎಣ್ಣೆ ಅಡುಗೆಗೂ ಬೇಕು, ದೀಪಕ್ಕೂ ಬೇಕು, ಮೈಗೆ ಹಚ್ಚಿ ತೊಳೆದುಕೊಳ್ಳುವುದಕ್ಕೂ ಬೇಕು. ದ್ರಾಕ್ಷಾರಸವನ್ನು ಜಾಡಿಯಲ್ಲಿ ತುಂಬಿ ಬಾಯಿ ಮುಚ್ಚಿಟ್ಟರೆ ದೂರದೂರಿಗೆ ಸಾಗಿಸಬಹುದು. ಜಾಡಿ ಮಾಡಲು ಒಳ್ಳೆಯ ಜೇಡಿಮಣ್ಣು ಧಾರಾಳವಾಗಿತ್ತು. ಒಟ್ಟಿನಲ್ಲಿ ಗ್ರೀಕ್ ಊರಿನ ಸ್ಥಿತಿ ಹೀಗಿತ್ತು: ಎಣ್ಣೆ, ದ್ರಾಕ್ಷಾರಸ, ಮಡಕೆ ಬೇಕಾದ್ದಕ್ಕಿಂತ ಹೆಚ್ಚು, ಕಾಳು ಮತ್ತು ಲೋಹ ಬೇಕಾದ್ದಕ್ಕಿಂತ ಕಡಿಮೆ. ಕಂಚಿನ ಯುಗದಲ್ಲಿ ಈ ಕೊರತೆ ಇನ್ನೂ ಬಿಗಿಯಾಗಿತ್ತು. ಕಂಚು ಎರಕವಾಗಬೇಕಾದರೆ ಸುಮಾರು ಒಂಬತ್ತು ಹತ್ತು ಪಾಲು ತಾಮ್ರಕ್ಕೆ ಒಂದು ಪಾಲು ತವರ ಸೇರಬೇಕು. ತಾಮ್ರದ ದೊಡ್ಡ ಗಣಿಗಳಿದ್ದದ್ದು ಸೈಪ್ರಸ್ ದ್ವೀಪದಲ್ಲಿ. ತವರ ಬರುತ್ತಿದ್ದದ್ದು ಅದಕ್ಕಿಂತಲೂ ಎಷ್ಟೋ ದೂರದಿಂದ. ಕೊಡಲಿ, ಕತ್ತಿ, ಕುಡುಗೋಲು ಯಾವುದು ಬೇಕಿದ್ದರೂ ಯಾರೋ ಕಡಲು ದಾಟಿ ಬರಲೇಬೇಕಿತ್ತು.

ದಾಟಲು ಆ ಕಡಲು ಅನುಕೂಲವಾಗಿಯೂ ಇತ್ತು. ಏಜಿಯನ್ನಿನಲ್ಲಿ ದ್ವೀಪಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ಬೇಸಿಗೆಯ ತಿಳಿಹಗಲಿನಲ್ಲಿ ಒಂದು ದ್ವೀಪದ ಶಿಖರ ಹಿಂದೆ ಮರೆಯಾಗುವ ಮೊದಲೇ ಮುಂದಿನದರ ಶಿಖರ ಕಣ್ಣಿಗೆ ಬೀಳುತ್ತದೆ. ಭರತ ಇಳಿತಗಳ ಅಂತರ ತೀರಾ ಕಡಿಮೆ, ಆದ್ದರಿಂದ ದೋಣಿಯನ್ನು ಮರಳಿನ ದಡಕ್ಕೆ ಎಳೆದು ರಾತ್ರಿ ಕಳೆಯಬಹುದು. ನೆಲದ ದಾರಿಯಲ್ಲಿ ಕಣಿವೆ ಹತ್ತಿ ಇಳಿಯುವ ಕತ್ತೆಯ ಬೆನ್ನ ಮೇಲೆ ಎರಡು ಮೂರು ಜಾಡಿ ಹೇರಬಹುದಾದರೆ, ಸಾಧಾರಣ ಹಡಗೊಂದು ನೂರಾರು ಜಾಡಿಗಳನ್ನು ಹೊತ್ತು ಗಾಳಿಯ ಬಲದಿಂದಲೇ ಸಾಗುತ್ತಿತ್ತು. ಬೆಟ್ಟದಾಚೆಯ ಪಕ್ಕದೂರಿಗಿಂತ ನೀರಿನಾಚೆಯ ದೂರದೂರು ಹತ್ತಿರವೆನಿಸುವ ವಿಚಿತ್ರ ಭೂಗೋಳ ಅದು.

ಆದರೆ ಈ ಕಡಲು ವರ್ಷವಿಡೀ ತೆರೆದಿರುತ್ತಿರಲಿಲ್ಲ. ನಮ್ಮ ಕರಾವಳಿಯಲ್ಲಿ ಮುಂಗಾರು ಬಂತೆಂದರೆ ದೋಣಿಗಳು ದಡ ಸೇರುತ್ತವೆ. ಗ್ರೀಕರಿಗೆ ಹಾಗೆ ಕಡಲು ಮುಚ್ಚುತ್ತಿದ್ದದ್ದು ಚಳಿಗಾಲದಲ್ಲಿ. ಕ್ರಿ.ಪೂ. 700ರ ಸುಮಾರಿನ ಕವಿ ಹೆಸಿಯಡ್ ಇದರ ಬಗ್ಗೆ ತನ್ನ ಸೋದರನಿಗೆ ವಿವರವಾಗಿಯೇ ಬುದ್ಧಿ ಹೇಳುತ್ತಾನೆ. ಬಿರುಗಾಳಿಯ ಕಾಲದಲ್ಲಿ ಹಡಗನ್ನು ದಡಕ್ಕೆಳೆದು ಸುತ್ತ ಕಲ್ಲು ಒಟ್ಟು, ಮಳೆನೀರು ನಿಂತು ಮರ ಕೊಳೆಯದಂತೆ ತಳದ ಬಿರಡೆ ತೆಗೆದಿಡು, ಚುಕ್ಕಾಣಿಯನ್ನು ಒಲೆಯ ಹೊಗೆಯ ಮೇಲೆ ತೂಗುಹಾಕು. ದಕ್ಷಿಣಾಯನ ಶುರುವಾಗಿ 50 ದಿನ ಕಳೆದ ಮೇಲೆ ಪಯಣಕ್ಕೆ ಒಳ್ಳೆಯ ಸಮಯ. ಹೆಸಿಯಡ್ ನಾವಿಕನಲ್ಲ, ಅಸ್ಕ್ರ ಎಂಬ ಒಳನಾಡಿನ ಹಳ್ಳಿಯ ರೈತ. ಕಡಲೆಂದರೆ ಅವನಿಗೆ ಅಂಜಿಕೆ. ಯೂಬಿಯಾ ದ್ವೀಪಕ್ಕೆ ಹೋಗುವಾಗ ಕಿರಿದಾದ ಜಲಸಂಧಿಯೊಂದನ್ನು ದಾಟಿದ್ದೇ ತನ್ನ ಒಂದೇ ಒಂದು ಕಡಲಯಾನವೆಂದು ಅವನೇ ಹೇಳಿಕೊಂಡಿದ್ದಾನೆ. ಅವನ ತಂದೆ ಮಾತ್ರ ಬಡತನದಿಂದ ತಪ್ಪಿಸಿಕೊಳ್ಳಲು ಏಷ್ಯಾ ಮೈನರಿನ, ಅಂದರೆ ಇಂದಿನ ತುರ್ಕಿಯ, ಕೀಮೆಯಿಂದ ಹಡಗು ಹತ್ತಿ ಬಂದವನು. ಕಡಲಿಗೆ ಹೆದರುವ ರೈತನೂ ಹಡಗು ಕಾಯುವ ಬಗೆಯನ್ನು ತಿಳಿದಿರಬೇಕಾದ ಸಮಾಜ ಅದಾಗಿತ್ತು. ಗ್ರೀಕರ ಬದುಕಿನಲ್ಲಿ ಕಡಲು ಎಷ್ಟು ಒಳಕ್ಕೆ ಇಳಿದಿತ್ತು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಕಾಣುವುದಿಲ್ಲ.

ಉಲುಬುರುನ್: ಮುಳುಗಿದ ಹಡಗಿನ ಸರಕು

ಕಂಚಿನ ಯುಗದ ವ್ಯಾಪಾರ ಹೇಗಿತ್ತೆಂದು ಊಹಿಸಿಕೊಳ್ಳುವ ಕಷ್ಟವನ್ನು 1982ರಲ್ಲಿ ತುರ್ಕಿಯ ಸ್ಪಂಜು ಹೆಕ್ಕುವ ಮುಳುಗುಗಾರನೊಬ್ಬ ಬಹುಮಟ್ಟಿಗೆ ತಪ್ಪಿಸಿದ. ದಕ್ಷಿಣ ಕರಾವಳಿಯ ಉಲುಬುರುನ್ ಭೂಶಿರದ ಬಳಿ, ಕಡಲ ತಳದಲ್ಲಿ ಕಿವಿಗಳಿರುವ ಲೋಹದ ಬಿಸ್ಕತ್ತುಗಳನ್ನು ಕಂಡೆ ಎಂದು ಅವನು ಹೇಳಿದ. ಆ ಬಿಸ್ಕತ್ತುಗಳು ತಾಮ್ರದ ಗಟ್ಟಿಗಳಾಗಿದ್ದವು. ನಾಲ್ಕು ಮೂಲೆಗಳಲ್ಲಿ ಹಿಡಿಯಂಥ ಚಾಚು ಇರುವ, ಹರಡಿದ ಎತ್ತಿನ ಚರ್ಮದ ಆಕಾರದವು. 1984ರಿಂದ 1994ರವರೆಗೆ ಪುರಾತತ್ವಜ್ಞರು 40 ಮೀಟರಿಗಿಂತ ಆಳದಲ್ಲಿ 22,000ಕ್ಕೂ ಹೆಚ್ಚು ಸಲ ಮುಳುಗಿ ಎದ್ದು ಆ ಹಡಗನ್ನು ಚೂರು ಚೂರಾಗಿ ಬಿಡಿಸಿ ನೋಡಿದರು. ಸುಮಾರು 15 ಮೀಟರ್ ಉದ್ದದ, ದೇವದಾರು ಮರದ ಹಡಗು ಅದು, ಕ್ರಿ.ಪೂ. 14ನೇ ಶತಮಾನದ ಕೊನೆಯ ಹೊತ್ತಿಗೆ ಮುಳುಗಿದ್ದು.

ಅದರ ಒಡಲಲ್ಲಿ ಇದ್ದದ್ದನ್ನು ನೋಡಿ. ಸೈಪ್ರಸ್ಸಿನ ತಾಮ್ರ ಸುಮಾರು 10 ಟನ್, ತವರ ಸುಮಾರು 1 ಟನ್. ಹತ್ತಕ್ಕೆ ಒಂದು, ಅಂದರೆ ಕಂಚು ಎರೆಯಲು ಬೇಕಾದ ಪ್ರಮಾಣವೇ. ಇಡೀ ಒಂದು ಸೇನೆಗೆ ಆಯುಧ ಮಾಡಿಕೊಡಬಹುದಾದ ಲೋಹ ಒಂದೇ ಹಡಗಿನಲ್ಲಿತ್ತು. ಕಡುನೀಲಿ ಗಾಜಿನ ದಪ್ಪ ಬಿಲ್ಲೆಗಳು, ಕಾನಾನ್ ಸೀಮೆಯ ಸುಮಾರು 150 ಜಾಡಿಗಳು, ಅವುಗಳಲ್ಲಿ ಬಹುಪಾಲು ಪರಿಮಳದ ಮರದ ಅಂಟು. ಆಫ್ರಿಕಾದ ಕರಿಮರದ ದಿಮ್ಮಿಗಳು, ಆನೆಯ ದಂತ, ನೀರಾನೆಯ ಹಲ್ಲು, ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪು. ಉತ್ತರ ಯುರೋಪಿನ ಬಾಲ್ಟಿಕ್ ಕಡೆಯ ಅಂಬರ್ ಮಣಿಗಳು. ಈಜಿಪ್ಟಿನ ರಾಣಿ ನೆಫರ್ಟೀಟಿಯ ಹೆಸರು ಕೊರೆದ ಚಿನ್ನದ ಮುದ್ರೆ. ತಕ್ಕಡಿಯ ತೂಕದ ಬೊಟ್ಟುಗಳು, ಅವುಗಳಲ್ಲಿ ಕೆಲವು ಪ್ರಾಣಿಗಳ ಆಕಾರದವು. ಮಡಚಿಡಬಹುದಾದ ಮರದ ಬರೆಯುವ ಹಲಗೆ, ದಂತದ ಕೀಲು ಹಾಕಿದ್ದು. ಮೇಣ ಬಳಿದು ಅದರ ಮೇಲೆ ಗೀಚುತ್ತಿದ್ದರು. ಇಷ್ಟೆಲ್ಲದರ ನಡುವೆ, ಸಿರಿಯಾ ಕರಾವಳಿಯ ಕಡೆಯಿಂದ ಹೇಳದೆ ಕೇಳದೆ ಹಡಗು ಹತ್ತಿದ್ದ ಇಲಿಯೊಂದರ ದವಡೆಯ ಮೂಳೆ.

ಹಡಗು ಪೂರ್ವದಿಂದ ಪಶ್ಚಿಮಕ್ಕೆ, ಏಜಿಯನ್ ಕಡೆಗೆ ಹೊರಟಿತ್ತು ಎಂದು ಉತ್ಖನನ ನಡೆಸಿದವರು ತೀರ್ಮಾನಿಸಿದ್ದಾರೆ. ಸಿಕ್ಕಿದ ಕತ್ತಿ, ಮುದ್ರೆ, ಮಣಿಗಳ ಆಧಾರದಿಂದ ಇಬ್ಬರು ಮೈಸೀನಿಯನ್ ಗ್ರೀಕರು ಅದರಲ್ಲಿ ಇದ್ದಿರಬೇಕೆಂದೂ ಹೇಳುತ್ತಾರೆ. ಆ ಕಾಲದಲ್ಲಿ ಗ್ರೀಸಿನ ಮೈಸೀನೆ, ಪೈಲೊಸ್, ಟಿರಿನ್ಸ್‌ಗಳಲ್ಲಿ ಅರಮನೆಗಳಿದ್ದವು. ಅದಕ್ಕೂ ಮೊದಲು ಕ್ರೀಟ್ ದ್ವೀಪದಲ್ಲಿ ನೊಸಸ್ ಮೊದಲಾದ ಅರಮನೆಗಳು ಈ ಜಲಮಾರ್ಗಗಳ ಮೇಲೆಯೇ ಬೆಳೆದಿದ್ದವು. ಮೈಸೀನಿಯನ್ನರು ಕ್ರೀಟಿನವರಿಂದಲೇ ಬರವಣಿಗೆಯ ಮಾದರಿಯನ್ನು ಪಡೆದು ತಮ್ಮ ಭಾಷೆಗೆ ಹೊಂದಿಸಿಕೊಂಡರು. 'ಲೀನಿಯರ್ ಬಿ' ಎಂದು ಹೆಸರಾದ ಆ ಲಿಪಿಯನ್ನು 1952ರಲ್ಲಿ ಮೈಕೇಲ್ ವೆಂಟ್ರಿಸ್ ಓದಿ, ಅದು ಗ್ರೀಕ್ ಭಾಷೆಯೇ ಎಂದು ತೋರಿಸಿಕೊಟ್ಟರು. ಪೈಲೊಸ್ಸಿನ ಮಣ್ಣಿನ ಹಲಗೆಗಳಲ್ಲಿ ಕಾವ್ಯವಿಲ್ಲ, ಕತೆಯಿಲ್ಲ. ಕುರಿಗಳ ಲೆಕ್ಕ, ಎಣ್ಣೆಯ ಲೆಕ್ಕ, ಕಂಚಿನ ಲೆಕ್ಕ, ಯಾವ ಊರಿನಿಂದ ಎಷ್ಟು ಜನ ಹಡಗಿನ ಹುಟ್ಟು ಹಾಕಲು ಬರಬೇಕೆಂಬ ಪಟ್ಟಿ ಇವೆ.

ಹಡಗು ನಿಂತಾಗ

ಕ್ರಿ.ಪೂ. 1200ರ ಆಸುಪಾಸಿನಲ್ಲಿ ಈ ಇಡೀ ಜಾಲ ಕುಸಿಯಿತು. ಪೈಲೊಸ್ ಸುಟ್ಟುಹೋಯಿತು, ಮೈಸೀನೆಯ ಅರಮನೆ ನಾಶವಾಯಿತು, ಅನಟೋಲಿಯಾದ ಹಿಟ್ಟೈಟ್ ಸಾಮ್ರಾಜ್ಯ ಮುರಿದುಬಿತ್ತು, ಸಿರಿಯಾ ಕರಾವಳಿಯ ದೊಡ್ಡ ಬಂದರು ಉಗಾರಿತ್ ಮತ್ತೆ ತಲೆಯೆತ್ತಲಿಲ್ಲ. ಬರಗಾಲ, ಭೂಕಂಪ, ಆಕ್ರಮಣ, ಒಳಜಗಳ ಹೀಗೆ ಹಲವು ಕಾರಣಗಳನ್ನು ವಿದ್ವಾಂಸರು ಮುಂದಿಡುತ್ತಾರೆ. ಒಂದೇ ಕಾರಣವನ್ನು ಹಿಡಿದು ಹೇಳುವುದು ಸರಿಯಾಗದು. ಗ್ರೀಸಿನ ಮಟ್ಟಿಗೆ ಆದದ್ದಂತೂ ಸ್ಪಷ್ಟ. ಜನಸಂಖ್ಯೆ ಕುಗ್ಗಿತು, ಹೊರಗಿನ ಸರಕು ಬರುವುದು ಬಹುತೇಕ ನಿಂತಿತು. ಲೀನಿಯರ್ ಬಿ ಬದುಕಿದ್ದದ್ದೇ ಅರಮನೆಯ ಉಗ್ರಾಣದ ಲೆಕ್ಕದಲ್ಲಿ. ಲೆಕ್ಕ ಇಡಲು ಸರಕೇ ಇಲ್ಲವಾದಾಗ ಲಿಪಿಯೂ ಸತ್ತಿತು. ನಾಲ್ಕು ಶತಮಾನ ಗ್ರೀಸಿನ ಮುಖ್ಯ ನೆಲದಲ್ಲಿ ಯಾರೂ ಏನನ್ನೂ ಬರೆದ ಗುರುತಿಲ್ಲ. ಹಳೆಯ ಬೆಟ್ಟಗಳೇ ಅಲ್ಲಿದ್ದವು, ಆಲಿವ್ ಮರಗಳೂ ಇದ್ದವು.

ಮರಳಿ ಚೇತರಿಸಿಕೊಂಡ ಊರುಗಳು ಯಾವುವು ಎಂದು ಹುಡುಕಿದರೂ ಕಡಲೇ ಎದುರಾಗುತ್ತದೆ. ಯೂಬಿಯಾ ದ್ವೀಪದ ಲೆಫ್ಕಂಡಿಯಲ್ಲಿ ಕ್ರಿ.ಪೂ. 10ನೇ ಶತಮಾನದ, ಸುಮಾರು 50 ಮೀಟರ್ ಉದ್ದದ ಕಟ್ಟಡವೊಂದು ಸಿಕ್ಕಿದೆ. ಅದರೊಳಗಿನ ಮತ್ತು ಪಕ್ಕದ ಸಮಾಧಿಗಳಲ್ಲಿ ಚಿನ್ನದ ಒಡವೆಗಳಿವೆ, ಪೂರ್ವದ ಕರಾವಳಿಯಿಂದ ಬಂದ ವಸ್ತುಗಳಿವೆ. ಬೇರೆಡೆಯವರು ಕಷ್ಟಪಟ್ಟು ದಿನ ದೂಡುತ್ತಿದ್ದಾಗ ಈ ದ್ವೀಪದವರು ಸೈಪ್ರಸ್ ಮತ್ತು ಫಿನೀಷಿಯಾದ ಜೊತೆ ನಂಟು ಉಳಿಸಿಕೊಂಡಿದ್ದರು. ಇಂದಿನ ಲೆಬನಾನ್ ಕರಾವಳಿಯ ಟೈರ್, ಸೈಡಾನ್ ಪಟ್ಟಣಗಳ ಫಿನೀಷಿಯನ್ನರು ಆ ಕಾಲದ ದೊಡ್ಡ ಕಡಲ ವರ್ತಕರು. ಗ್ರೀಕರ ಪುನರುತ್ಥಾನದ ಕತೆ ಹೇಳುವಾಗ ಇವರ ಪಾಲನ್ನು ಅಡಿಟಿಪ್ಪಣಿಗೆ ತಳ್ಳುವ ಅಭ್ಯಾಸ ಬಹಳ ದಿನ ನಡೆಯಿತು, ಅದು ಅನ್ಯಾಯ.

ಏಕೆಂದರೆ ಗ್ರೀಕರಿಗೆ ಎರಡನೆಯ ಸಲ ಅಕ್ಷರ ಕೊಟ್ಟವರು ಅವರೇ. ಫಿನೀಷಿಯನ್ ಲಿಪಿಯಲ್ಲಿ 22 ಅಕ್ಷರ, ಎಲ್ಲವೂ ವ್ಯಂಜನ. ಅವುಗಳಲ್ಲಿ ಕೆಲವು ಗ್ರೀಕ್ ಭಾಷೆಯಲ್ಲಿಲ್ಲದ ಉಚ್ಚಾರಗಳು. ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ ಗ್ರೀಕರು ಅವನ್ನು ಬಿಸಾಡದೆ ಸ್ವರಗಳಿಗೆ ಬಳಸಿಕೊಂಡರು: 'ಅಲೆಫ್' ಅವರ 'ಆಲ್ಫಾ' ಆಯಿತು, 'ಯೋದ್' 'ಅಯೋಟಾ' ಆಯಿತು. ಹಳೆಯ ಲಿಪಿಯಲ್ಲಿ ಸುಮಾರು 90 ಚಿಹ್ನೆಗಳಿದ್ದವು, ಅದು ಕರಣಿಕರ ಸೊತ್ತಾಗಿತ್ತು. ಇದು ಎರಡು ಡಜನ್ ಅಕ್ಷರಗಳ ವಿದ್ಯೆ. ಕುಂಬಾರನೂ ಕಲಿಯಬಹುದು, ನಾವಿಕನೂ ಕಲಿಯಬಹುದು.

ಕಲಿತರು ಕೂಡ. ಇಟಲಿಯ ನೇಪಲ್ಸ್ ಕೊಲ್ಲಿಯ ಇಸ್ಕಿಯಾ ದ್ವೀಪದಲ್ಲಿ ಪಿಥೆಕುಸೈ ಎಂಬ ಗ್ರೀಕ್ ನೆಲೆ ಇತ್ತು. 1954ರಲ್ಲಿ ಅಲ್ಲಿನ ಸಮಾಧಿಯೊಂದರಿಂದ ಒಡೆದ ಮಣ್ಣಿನ ಬಟ್ಟಲೊಂದು ಹೊರಬಂತು, ಕ್ರಿ.ಪೂ. 8ನೇ ಶತಮಾನದ ಕೊನೆಯ ಭಾಗದ್ದು. ಅದರ ಮೈಮೇಲೆ ಬಲದಿಂದ ಎಡಕ್ಕೆ ಮೂರು ಸಾಲು ಗೀಚಲಾಗಿದೆ. ಇದು ನೆಸ್ಟರನ ಬಟ್ಟಲು, ಕುಡಿಯಲು ಹಿತವಾದದ್ದು. ಇದರಿಂದ ಕುಡಿದವನನ್ನು ಪ್ರೇಮದೇವತೆ ಆಫ್ರೊಡೈಟಿಯ ಮೋಹ ಕೂಡಲೇ ಹಿಡಿಯುತ್ತದೆ ಎಂದು ಅದರ ತಾತ್ಪರ್ಯ. ನೆಸ್ಟರ್ ಎಂದರೆ ಟ್ರಾಯ್ ಯುದ್ಧದ ಕತೆಗಳಲ್ಲಿ ಬರುವ ಪೈಲೊಸ್ಸಿನ ಮುದಿ ಅರಸು. ಈ ಪುಟ್ಟ ಬಟ್ಟಲಿನಲ್ಲಿ ಎಷ್ಟು ದಾರಿಗಳು ಕೂಡಿವೆ ನೋಡಿ: ಅದು ತಯಾರಾದದ್ದು ಪೂರ್ವ ಏಜಿಯನ್ನಿನಲ್ಲಿ, ಅಕ್ಷರದ ವರಸೆ ಯೂಬಿಯಾದ್ದು, ಆ ಅಕ್ಷರಗಳ ಮೂಲ ಫಿನೀಷಿಯಾ, ಸಿಕ್ಕಿದ್ದು ಇಟಲಿಯ ಕಬ್ಬಿಣದ ದಾರಿಯ ಮೇಲಿದ್ದ ವರ್ತಕರ ಊರಿನಲ್ಲಿ. ಅದರ ಮೇಲಿರುವುದು ಯಾವ ಉಗ್ರಾಣದ ಲೆಕ್ಕವೂ ಅಲ್ಲ, ಛಂದಸ್ಸಿನಲ್ಲಿ ಬರೆದ ತಮಾಷೆಯ ಪದ್ಯ. ಅರಮನೆ ಕೈಬಿಟ್ಟಿದ್ದ ಬರವಣಿಗೆ ಹಡಗಿನಲ್ಲಿ ಮರಳಿ ಬಂದು ಜನಸಾಮಾನ್ಯರ ಪಾನಗೋಷ್ಠಿಗೆ ಇಳಿದಿತ್ತು.

ಮನೆಗೊಬ್ಬ ಕಡಲಿಗೆ

ಮುಂದಿನ ಇನ್ನೂರು ವರ್ಷಗಳಲ್ಲಿ ಗ್ರೀಕರು ಮೆಡಿಟರೇನಿಯನ್ ಮತ್ತು ಕಪ್ಪು ಸಮುದ್ರದ ದಡಗಳಲ್ಲಿ ನೂರಾರು ಊರು ಕಟ್ಟಿದರು. ಕೊರಿಂತಿನವರು ಕ್ರಿ.ಪೂ. 733ರಲ್ಲಿ ಸಿಸಿಲಿಯ ಸಿರಾಕ್ಯೂಸ್, ಮೆಗಾರದವರು ಬೈಜಾಂಟಿಯಂ, ಅಂದರೆ ಇಂದಿನ ಇಸ್ತಾಂಬುಲ್, ಫೊಕೇಯದವರು ಕ್ರಿ.ಪೂ. 600ರ ಸುಮಾರಿಗೆ ಮಸಾಲಿಯಾ, ಅಂದರೆ ಇಂದಿನ ಮಾರ್ಸೇಲ್. ಕೆರೆಯ ಸುತ್ತ ಕಪ್ಪೆಗಳು ಕೂತಂತೆ ನಾವು ಕಡಲ ಸುತ್ತ ಕೂತಿದ್ದೇವೆ ಎಂದು ಮುಂದೆ ಪ್ಲೇಟೋ ಸಾಕ್ರಟೀಸನ ಬಾಯಲ್ಲಿ ಹೇಳಿಸಿದ್ದು ಇದನ್ನೇ.

ಹೀಗೆ ಹೊರಟವರೆಲ್ಲ ಸಾಹಸದ ಹುಮ್ಮಸ್ಸಿನಿಂದ ಹೊರಟವರೆಂದು ಭಾವಿಸಬಾರದು. ಥೇರಾ ದ್ವೀಪದ ಕತೆಯನ್ನು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿಟ್ಟಿದ್ದಾನೆ. ಅಲ್ಲಿ ಏಳು ವರ್ಷ ಮಳೆಯಾಗಲಿಲ್ಲ. ದ್ವೀಪದಲ್ಲಿ ಒಂದನ್ನು ಬಿಟ್ಟು ಉಳಿದ ಮರಗಳೆಲ್ಲ ಒಣಗಿದವು. ಡೆಲ್ಫಿಯ ದೈವವಾಣಿ ಲಿಬಿಯಾಕ್ಕೆ ಹೋಗಿ ಊರು ಕಟ್ಟಿರಿ ಎಂದಿತು. ಅಣ್ಣತಮ್ಮಂದಿರಲ್ಲಿ ಚೀಟಿ ಎತ್ತಿ ಒಬ್ಬೊಬ್ಬನನ್ನು ಆರಿಸಿ, ಎರಡು ಹಡಗುಗಳಲ್ಲಿ ಕಳಿಸಿದರು. ಹೋದವರು ದಾರಿ ಕಾಣದೆ ಮರಳಿ ಬಂದಾಗ ಊರಿನವರು ಅವರ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆದು, ದಡಕ್ಕೆ ಇಳಿಯಲು ಬಿಡದೆ ಅಟ್ಟಿದರು. ಕೊನೆಗೆ ಅವರು ಕಟ್ಟಿದ ಊರೇ ಸಿರೀನ್, ಕ್ರಿ.ಪೂ. 631ರ ಸುಮಾರಿಗೆ. ಅಲ್ಲಿ ಮಳೆ ಚೆನ್ನಾಗಿತ್ತು, ಕಾಳು ಬೆಳೆಯಿತು, ಊರು ಸಿರಿವಂತವಾಯಿತು. ಗ್ರೀಕ್ ವಿಸ್ತರಣೆಯ ನಕಾಶೆ ನೋಡುವಾಗಲೆಲ್ಲ, ತಮ್ಮವರೇ ಅಟ್ಟಿದ ಆ ಯುವಕರು ನನಗೆ ನೆನಪಾಗುತ್ತಾರೆ. ಅವರು ಹೋಗಿ ಇಳಿದ ದಡಗಳೂ ಬಹಳ ಕಡೆ ಖಾಲಿ ಇರಲಿಲ್ಲ. ಸಿಸಿಲಿಯಲ್ಲಿ ಮೂಲನಿವಾಸಿ ಸಿಕೆಲರನ್ನು ಒತ್ತರಿಸಿ ಒಳನಾಡಿಗೆ ತಳ್ಳಲಾಯಿತು.

ಹೊಸ ಊರು ಕಟ್ಟುವ ಕೆಲಸ ಗ್ರೀಕರಿಗೆ ರಾಜಕೀಯವನ್ನೂ ಕಲಿಸಿತು ಎಂದು ನಾನು ನಂಬುತ್ತೇನೆ. ಹೊಸ ಜಾಗದಲ್ಲಿ ಇಳಿದಾಗ ನೆಲವನ್ನು ಹೇಗೆ ಹಂಚಬೇಕು, ದೇಗುಲ ಎಲ್ಲಿ, ಸಂತೆಯ ಬಯಲು ಎಲ್ಲಿ, ಯಾರ ಮಾತು ನಡೆಯಬೇಕು ಎಂಬುದನ್ನೆಲ್ಲ ಕೂತು ತೀರ್ಮಾನಿಸಲೇಬೇಕು. ಬೀದಿಗಳನ್ನು ನೇರವಾಗಿ ಎಳೆದು, ಅಳೆದು ಹಂಚಿದ ನಿವೇಶನಗಳು ಸಿಸಿಲಿಯ ಮೆಗಾರ ಹಿಬ್ಲೇಯದಂಥ ನೆಲೆಗಳಲ್ಲಿ ತುಂಬ ಮೊದಲೇ ಕಾಣುತ್ತವೆ. ಅಷ್ಟು ದೂರ ಹೋಗಿ ಬೇರೆ ಬೇರೆ ಭಾಷೆಯವರ ನಡುವೆ ಬಾಳಿದಾಗಲೇ ತಾವೆಲ್ಲ ಒಂದೇ ಮಾತಿನ, ಒಂದೇ ದೇವರುಗಳ ಜನ ಎಂಬ ಅರಿವು ಅವರಲ್ಲಿ ಗಟ್ಟಿಯಾಯಿತು. ರಾಜಕೀಯವಾಗಿ ನೂರು ಹೋಳಾಗಿದ್ದವರು ಒಲಿಂಪಿಯಾದ ಕ್ರೀಡೆಗೆ, ಡೆಲ್ಫಿಯ ದೈವವಾಣಿಗೆ ಸಿಸಿಲಿಯಿಂದಲೂ ಲಿಬಿಯಾದಿಂದಲೂ ಹಡಗು ಹತ್ತಿ ಬರುತ್ತಿದ್ದರು.

ವರ್ತಕರು ತಂದದ್ದು

ಎಲ್ಲ ಊರುಗಳಿಗೂ ಸಮನಾದ ಅದೃಷ್ಟವಿರಲಿಲ್ಲ. ಕೊರಿಂತ್ ಇದ್ದದ್ದು ಗ್ರೀಸಿನ ಎರಡು ಭಾಗಗಳನ್ನು ಜೋಡಿಸುವ ಕಿರಿದಾದ ನೆಲಪಟ್ಟಿಯ ಮೇಲೆ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಬಂದರು. ದಕ್ಷಿಣದ ಮಾಲಿಯಾ ಭೂಶಿರವನ್ನು ಸುತ್ತಿ ಹೋಗುವುದು ಎಷ್ಟು ಅಪಾಯವೆಂದರೆ, ಮಾಲಿಯಾ ತಿರುಗುವಾಗ ಮನೆಯನ್ನು ಮರೆತುಬಿಡು ಎಂಬ ಗಾದೆಯೇ ಇತ್ತು. ಕ್ರಿ.ಪೂ. 600ರ ಸುಮಾರಿಗೆ ಕೊರಿಂತಿನವರು ನೆಲಪಟ್ಟಿಗೆ ಅಡ್ಡಲಾಗಿ ಕಲ್ಲುಹಾಸಿನ ದಾರಿ ಮಾಡಿ, ಸರಕನ್ನೂ ಹಡಗುಗಳನ್ನೂ ಒಂದು ಕಡಲಿನಿಂದ ಇನ್ನೊಂದಕ್ಕೆ ಎಳೆದು ಸಾಗಿಸತೊಡಗಿದರು. ಅದೇ ನೆಲಪಟ್ಟಿಯನ್ನು ಸೀಳಿದ ಕಾಲುವೆ ತೆರೆದದ್ದು 1893ರಲ್ಲಿ.

ವ್ಯಕ್ತಿಗಳ ಹೆಸರೂ ಉಳಿದಿದೆ. ಸೇಮಸ್ ದ್ವೀಪದ ಕೊಲೇಯಸ್ ಎಂಬ ನಾವಿಕ ಈಜಿಪ್ಟಿಗೆ ಹೊರಟು, ಪೂರ್ವದ ಗಾಳಿಗೆ ಸಿಕ್ಕಿ ಜಿಬ್ರಾಲ್ಟರ್ ದಾಟಿ ಸ್ಪೇನಿನ ಟಾರ್ಟೆಸಸ್ ತಲುಪಿದ. ಅಲ್ಲಿಂದ ತಂದ ಸರಕಿನ ಲಾಭದ ಹತ್ತನೇ ಒಂದು ಪಾಲೇ ಆರು ಟ್ಯಾಲೆಂಟ್ (ಆ ಕಾಲದ ದೊಡ್ಡ ತೂಕ ಮತ್ತು ಹಣದ ಅಳತೆ) ಆಯಿತು, ಅದರಲ್ಲಿ ಹೇರಾ ದೇವಿಗೆ ದೊಡ್ಡ ಕಂಚಿನ ಪಾತ್ರೆ ಮಾಡಿಸಿದರು ಎನ್ನುತ್ತಾನೆ ಹೆರೊಡೊಟಸ್. ಅವನನ್ನೂ ಮೀರಿಸಿದವನು ಈಜಿನಾ ದ್ವೀಪದ ಸೋಸ್ಟ್ರಟಸ್ ಒಬ್ಬನೇ ಎಂದೂ ಸೇರಿಸುತ್ತಾನೆ. ಈ ಮಾತು ಬಹುಕಾಲ ಬರೀ ಮಾತಾಗಿಯೇ ಉಳಿದಿತ್ತು. 1970ರ ಹೊತ್ತಿಗೆ ಇಟಲಿಯ ಗ್ರವಿಸ್ಕಾ ಎಂಬ ಹಳೆಯ ಬಂದರಿನಲ್ಲಿ ಕಲ್ಲಿನ ಲಂಗರಿನ ತುಂಡೊಂದು ಸಿಕ್ಕಿತು. ಅದರ ಮೇಲೆ ಹೀಗೆ ಕೊರೆದಿದೆ: ನಾನು ಈಜಿನಾದ ಅಪೊಲೊವಿಗೆ ಸೇರಿದವನು, ನನ್ನನ್ನು ಮಾಡಿಸಿದವನು ಸೋಸ್ಟ್ರಟಸ್. ಅದು ಅವನದೇ ಇರಬಹುದು, ಅವನ ಮನೆತನದವರದಿರಬಹುದು. ವರ್ತಕನೊಬ್ಬ ಪರದೇಶದ ದಡದಲ್ಲಿ ತನ್ನೂರ ದೇವರಿಗೆ ಹರಕೆ ಒಪ್ಪಿಸಿದ ಗುರುತಂತೂ ನಮ್ಮ ಕಣ್ಣೆದುರಿಗಿದೆ.

ಸೋಸ್ಟ್ರಟಸನ ಊರಾದ ಈಜಿನಾ, ಕಡಲಾಮೆಯ ಚಿತ್ರವಿರುವ ಬೆಳ್ಳಿ ನಾಣ್ಯವನ್ನು ಗ್ರೀಸಿನಲ್ಲಿ ಬಹಳ ಮೊದಲೇ ಅಚ್ಚು ಹಾಕಿಸಿದ ಊರು. ನಾಣ್ಯದ ಕಲ್ಪನೆ ಬಂದದ್ದು ಏಷ್ಯಾ ಮೈನರಿನ ಲಿಡಿಯಾದಿಂದ. ಈಜಿಪ್ಟಿನ ನೈಲ್ ಮುಖಜ ಭೂಮಿಯಲ್ಲಿ ನೌಕ್ರಟಿಸ್ ಎಂಬ ಊರಿನಲ್ಲಿ ಹಲವು ಗ್ರೀಕ್ ನಗರಗಳ ವರ್ತಕರು ಒಟ್ಟಿಗೆ ನೆಲೆಸಿ, ಬೆಳ್ಳಿ, ಎಣ್ಣೆ, ದ್ರಾಕ್ಷಾರಸ ಕೊಟ್ಟು ಕಾಳು, ನಾರುಬಟ್ಟೆ, ಪಪೈರಸ್ ಕೊಳ್ಳುತ್ತಿದ್ದರು. ಎಡಗಾಲು ಮುಂದಿಟ್ಟು ನೆಟ್ಟಗೆ ನಿಂತ ಆ ಕಾಲದ ಗ್ರೀಕ್ ಯುವಕರ ಕಲ್ಲಿನ ಪ್ರತಿಮೆಗಳನ್ನು ನೋಡಿದರೆ ಈಜಿಪ್ಟಿನ ಶಿಲ್ಪಗಳ ನೆರಳು ಕಾಣದೆ ಇರದು.

ವಿಚಾರಗಳೂ ಹೀಗೆಯೇ ಬಂದಿಳಿದವು. ಪ್ರಕೃತಿಯನ್ನು ದೇವರ ಕತೆಗಳ ಹಂಗಿಲ್ಲದೆ ವಿವರಿಸಲು ಹೊರಟ ಮೊದಲ ಗ್ರೀಕರು ಥೇಲ್ಸ್, ಅನಾಕ್ಸಿಮ್ಯಾಂಡರ್, ಅನಾಕ್ಸಿಮೆನಿಸ್. ಕ್ರಿ.ಪೂ. 6ನೇ ಶತಮಾನದ ಈ ಮೂವರೂ ಮಿಲೀಟಸ್ ಎಂಬ ಒಂದೇ ಬಂದರಿನವರು. ಅದು ನಾಲ್ಕು ರೇವುಗಳಿದ್ದ ಊರು, ಕಪ್ಪು ಸಮುದ್ರದ ದಡದಲ್ಲಿ ಸಾಲು ಸಾಲು ನೆಲೆಗಳನ್ನು ಕಟ್ಟಿದ ಊರು. ವ್ಯಾಪಾರವಿದ್ದಲ್ಲೆಲ್ಲ ತತ್ವಜ್ಞಾನ ಹುಟ್ಟುತ್ತದೆ ಎಂದೇನೂ ಇಲ್ಲ. ಕೊರಿಂತಿನಲ್ಲಿ ಅಂಥ ಪಂಥ ಬೆಳೆಯಲಿಲ್ಲ. ಆದರೆ ಹತ್ತು ಸೀಮೆಯ ಹತ್ತು ನಂಬಿಕೆಗಳು ಒಂದೇ ರೇವಿನಲ್ಲಿ ಎದುರುಬದುರಾದಾಗ ಯಾವುದು ನಿಜ ಎಂಬ ಪ್ರಶ್ನೆ ಏಳುವುದು ಸುಲಭ. ಹತ್ತಿರದ ಕೊಲೊಫಾನಿನ ಕವಿ ಕ್ಸೆನೊಫನೀಸ್ ಅದನ್ನು ಬಿಚ್ಚಿಯೇ ಹೇಳಿದ: ಇಥಿಯೋಪಿಯದವರ ದೇವರಿಗೆ ಕಪ್ಪು ಮೈ, ಚಪ್ಪಟೆ ಮೂಗು, ಥ್ರೇಸಿನವರ ದೇವರಿಗೆ ನೀಲಿ ಕಣ್ಣು, ಕೆಂಚುಗೂದಲು. ಒಂದೇ ಊರಿನಲ್ಲಿ ಹುಟ್ಟಿ ಅಲ್ಲೇ ಸತ್ತವನಿಗೆ ಈ ಮಾತು ಹೊಳೆಯುವುದು ಕಷ್ಟ.

ಅಥೆನ್ಸ್ ಮತ್ತು ಸ್ಪಾರ್ಟಾ

ಭೂಗೋಳವೇ ಎಲ್ಲವನ್ನೂ ತೀರ್ಮಾನಿಸುವುದಾಗಿದ್ದರೆ ಈ ಎರಡು ಊರುಗಳು ಇಷ್ಟು ಬೇರೆಯಾಗಬೇಕಿರಲಿಲ್ಲ. ಜನ ಹೆಚ್ಚಿ ನೆಲ ಸಾಲದಾದಾಗ ಸ್ಪಾರ್ಟಾ ಕಡಲಿನತ್ತ ಹೆಚ್ಚು ನೋಡಲಿಲ್ಲ. ಬೆಟ್ಟ ದಾಟಿ ಪಕ್ಕದ ಮೆಸೀನಿಯಾದ ಫಲವತ್ತಾದ ಬಯಲನ್ನು ಗೆದ್ದು, ಅಲ್ಲಿನವರನ್ನು 'ಹೆಲಟ್' ಎಂಬ ಜೀತದಾಳುಗಳನ್ನಾಗಿ ಮಾಡಿಕೊಂಡಿತು. ಕಾಳಿನ ಚಿಂತೆ ತೀರಿತು, ಆದರೆ ಆ ಜೀತದಾಳುಗಳು ದಂಗೆ ಏಳದಂತೆ ಕಾಯುವುದೇ ಊರಿನ ಬದುಕಾಯಿತು. ಗಂಡುಮಕ್ಕಳೆಲ್ಲ ಸೈನಿಕರು, ವ್ಯಾಪಾರ ಕೀಳು ಕೆಲಸ, ಪರದೇಶದವರೆಂದರೆ ಅನುಮಾನ.

ಅಥೆನ್ಸ್ ಬೇರೆ ದಾರಿ ಹಿಡಿಯಿತು. ಕ್ರಿ.ಪೂ. 594ರಲ್ಲಿ ಅ‍ಧಿಕಾರಕ್ಕೆ ಬಂದ ಸೊಲೊನ್, ಆಲಿವ್ ಎಣ್ಣೆಯೊಂದನ್ನು ಬಿಟ್ಟು ನೆಲದ ಬೇರಾವ ಬೆಳೆಯನ್ನೂ ಹೊರಗೆ ಮಾರಕೂಡದೆಂದು ಕಟ್ಟಳೆ ಮಾಡಿದನೆಂದು ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆಯುತ್ತಾನೆ. ಕಾಳು ಊರಲ್ಲೇ ಉಳಿಯಲಿ, ಎಣ್ಣೆ ಹೊರಗೆ ಹೋಗಿ ಕಾಳನ್ನು ತರಲಿ ಎಂಬ ಲೆಕ್ಕ. ಕ್ರಿ.ಪೂ. 483ರಲ್ಲಿ ಲೌರಿಯಾನ್ ಗಣಿಯಲ್ಲಿ ಬೆಳ್ಳಿಯ ಹೊಸ ನಿಕ್ಷೇಪ ಸಿಕ್ಕಾಗ, ಆ ಹಣವನ್ನು ತಲೆಗಿಷ್ಟು ಎಂದು ಹಂಚುವ ಬದಲು ಹಡಗು ಕಟ್ಟೋಣವೆಂದು ಅಲ್ಲಿನ ನಾಯಕ ತೆಮಿಸ್ಟೊಕ್ಲಿಸ್ ಜನರನ್ನು ಒಪ್ಪಿಸಿದ. ಹೆರೊಡೊಟಸ್ ಪ್ರಕಾರ 200 ಹಡಗು. ಮೂರು ಅಂತಸ್ತಿನಲ್ಲಿ ಹುಟ್ಟುಗಳಿರುವ ಈ 'ಟ್ರೈರೀಮ್' ಯುದ್ಧನೌಕೆ ಒಂದೊಂದಕ್ಕೂ ಹುಟ್ಟು ಹಾಕಲು 170 ಜನ ಬೇಕು. ಕುದುರೆ ಇಲ್ಲದ, ಕವಚ ಕೊಳ್ಳಲಾಗದ ಬಡ ಪೌರನಿಗೆ ಅಲ್ಲಿ ಕೆಲಸವಿತ್ತು, ಕೂಲಿಯಿತ್ತು. ಕ್ರಿ.ಪೂ. 480ರಲ್ಲಿ ಸಲಾಮಿಸ್ ಜಲಸಂಧಿಯಲ್ಲಿ ಪರ್ಷಿಯಾದ ದೊಡ್ಡ ನೌಕಾಪಡೆಯನ್ನು ಸೋಲಿಸಿದ ತೋಳುಗಳಲ್ಲಿ ಬಹುಪಾಲು ಈ ಬಡವರವೇ. ಊರನ್ನು ಉಳಿಸಿದವರಿಗೆ ಸಭೆಯಲ್ಲಿ ಮಾತಿಲ್ಲ ಎನ್ನುವುದು ಆಮೇಲೆ ಸಾಧ್ಯವಾಗಲಿಲ್ಲ. ಅಥೆನ್ಸಿನ ಪ್ರಜಾಪ್ರಭುತ್ವ ಮುಂದಿನ ದಶಕಗಳಲ್ಲಿ ತಳದವರೆಗೆ ಇಳಿದದ್ದಕ್ಕೆ ಹುಟ್ಟು ಹಾಕುವ ಆ ಬೆಂಚುಗಳು ದೊಡ್ಡ ಕಾರಣ. ಬೆಳ್ಳಿಯನ್ನು ಅಗೆದವರ ಕತೆ ಬೇರೆ: ಲೌರಿಯಾನಿನ ಇಕ್ಕಟ್ಟಾದ ಸುರಂಗಗಳಲ್ಲಿ ದುಡಿದವರು ಗುಲಾಮರು, ಅವರಿಗೆ ಯಾವ ಸಭೆಯಲ್ಲೂ ಜಾಗವಿರಲಿಲ್ಲ. ಎಣ್ಣೆ, ಕಾಳಿನ ಹಾಗೆ ಮನುಷ್ಯರೂ ಆ ಹಡಗುಗಳ ಸರಕಾಗಿದ್ದರು.

ಕಾಳಿನ ವ್ಯಾಪಾರಕ್ಕೆ ಬಂಡವಾಳ ಹೊಂದಿಸುವ ವಿದ್ಯೆಯನ್ನೂ ಅಥೆನ್ಸ್ ಬೆಳೆಸಿತು. ಕ್ರಿ.ಪೂ. 4ನೇ ಶತಮಾನದ ಮೊಕದ್ದಮೆಯೊಂದರಲ್ಲಿ ಅಂಥ ಸಾಲಪತ್ರ ಹಾಗೆಯೇ ಉಳಿದಿದೆ. ಇಬ್ಬರು ವರ್ತಕರು 3,000 ದ್ರಾಕ್ಮ (ಗ್ರೀಕರ ಬೆಳ್ಳಿ ನಾಣ್ಯ) ಸಾಲ ಪಡೆಯುತ್ತಾರೆ. ಮೆಂಡೆ ಎಂಬ ಗ್ರೀಕ್ ಊರಿನ ದ್ರಾಕ್ಷಾರಸದ 3,000 ಜಾಡಿಗಳನ್ನು ಕಪ್ಪು ಸಮುದ್ರಕ್ಕೆ ಒಯ್ದು, ಅಲ್ಲಿಂದ ಸರಕು ತುಂಬಿಕೊಂಡು ಮರಳಬೇಕು. ಬಡ್ಡಿ ಸಾವಿರಕ್ಕೆ 225. ಶರತ್ಕಾಲ ಹತ್ತಿರವಾಗಿ ಸ್ವಾತಿ ನಕ್ಷತ್ರ ಮೂಡಿದ ಮೇಲೆ ಕಪ್ಪು ಸಮುದ್ರದಿಂದ ಹೊರಟರೆ ಸಾವಿರಕ್ಕೆ 300, ಏಕೆಂದರೆ ಆಗ ಬಿರುಗಾಳಿಯ ಭಯ ಹೆಚ್ಚು. ಹಡಗು ಮುಳುಗಿದರೆ ಸಾಲ ತೀರಿಸಬೇಕಾಗಿಲ್ಲ, ನಷ್ಟ ಸಾಲ ಕೊಟ್ಟವನದು. ಸಾಲವೂ ವಿಮೆಯೂ ಒಂದೇ ಪತ್ರದಲ್ಲಿ.

ಇಷ್ಟು ಕಡಲನ್ನು ನೆಚ್ಚಿಕೊಂಡ ಊರಿನ ಕುತ್ತಿಗೆಯೂ ಕಡಲಲ್ಲೇ ಇತ್ತು. ಕಪ್ಪು ಸಮುದ್ರದ ಕಾಳು ಬರಬೇಕಾದರೆ ಹೆಲೆಸ್ಪಾಂಟ್ ಎಂಬ ಸಪೂರ ಜಲಸಂಧಿಯನ್ನು ಹಾಯಲೇಬೇಕು. ಅಥೆನ್ಸಿಗೂ ಸ್ಪಾರ್ಟಾಕ್ಕೂ ನಡೆದ ಪೆಲೊಪೊನೀಷಿಯನ್ ಯುದ್ಧದಲ್ಲಿ ಸ್ಪಾರ್ಟಾದ ಕಾಲಾಳುಗಳು ಮತ್ತೆ ಮತ್ತೆ ಬಂದು ಅಥೆನ್ಸಿನ ಹೊಲ, ಆಲಿವ್ ತೋಪುಗಳನ್ನು ಹಾಳುಗೆಡವಿದರೂ ಊರು ಬಗ್ಗಲಿಲ್ಲ. ಪಿರೇಯಸ್ ಬಂದರಿನಿಂದ ನಗರದವರೆಗೆ ಕಟ್ಟಿದ ಉದ್ದನೆಯ ಗೋಡೆಗಳ ನಡುವಿನ ದಾರಿಯಲ್ಲಿ ಕಾಳು ಬರುತ್ತಲೇ ಇತ್ತು. ಕೊನೆಗೆ ಸ್ಪಾರ್ಟಾ ಪರ್ಷಿಯಾದ ಹಣದಿಂದ ತಾನೂ ನೌಕಾಪಡೆ ಕಟ್ಟಿಕೊಂಡಿತು. ಕ್ರಿ.ಪೂ. 405ರಲ್ಲಿ ಹೆಲೆಸ್ಪಾಂಟಿನ ಈಗೊಸ್ಪೊಟಮಿ ಎಂಬಲ್ಲಿ ದಡಕ್ಕೆಳೆದಿಟ್ಟಿದ್ದ ಅಥೆನ್ಸಿನ ಹಡಗುಗಳನ್ನು ಸ್ಪಾರ್ಟಾದ ಲೈಸ್ಯಾಂಡರ್ ಹಿಡಿದುಹಾಕಿದ, ಕಾಳಿನ ದಾರಿ ಮುಚ್ಚಿತು. ಮರುವರ್ಷ ಹಸಿವಿನಿಂದ ಸೋತ ಅಥೆನ್ಸ್ ಶರಣಾಯಿತು. ಗೆದ್ದವರು ಹಾಕಿದ ಷರತ್ತುಗಳಲ್ಲಿ ಎರಡು ಹೀಗಿದ್ದವು: ಆ ಉದ್ದನೆಯ ಗೋಡೆಗಳನ್ನು ಕೆಡವಬೇಕು, 12ನ್ನು ಬಿಟ್ಟು ಉಳಿದ ಹಡಗುಗಳನ್ನೆಲ್ಲ ಒಪ್ಪಿಸಬೇಕು.